ಬೇಡವೆಂದ ಅತಿಥಿ

ಮೂರನೇ ಸಲವೂ ಪುಟ ವಾಪಸು ಬಂದಾಗ ಗಾರ್ಗಿಯ ಅನುಮಾನ ಗಟ್ಟಿಯಾಯಿತು. ಈ ಪರಿಶೀಲಕರು ದೂರದವರಲ್ಲ, ತನ್ನದೇ ಬಡಾವಣೆ ವಿದ್ಯಾನಗರದವರೇ.

ಪ್ರೋಗ್ರಾಮಿಂಗ್ ಭಾಷೆಯೊಂದರ ಕನ್ನಡ ಕೈಪಿಡಿಯಲ್ಲಿ 'ಇಫ್–ಎಲ್ಸ್' ವಿವರಿಸುವ ಪುಟ ಅವಳದು. ಷರತ್ತು ನಿಜವಾದರೆ ಒಂದು ದಾರಿ, ಸುಳ್ಳಾದರೆ ಇನ್ನೊಂದು. ಅವಳ ಉದಾಹರಣೆ: ಅತಿಥಿ ಚಹಾ ಬೇಡ ಎಂದರೆ ಕಪ್ಪನ್ನು ಒಳಗೊಯ್ಯಿ, ಇಲ್ಲದಿದ್ದರೆ ಕೊಡು. ಹೆಸರು ಹೇಳದ ಪರಿಶೀಲಕರ ಷರಾ: "ನಮ್ಮ ಕಡೆ ಒಮ್ಮೆ ಬೇಡ ಎನ್ನುವುದು ಉತ್ತರವಲ್ಲ, ಮರ್ಯಾದೆ. ಷರತ್ತು ತಪ್ಪು."

ಇಂದು ಸಂಜೆ ಐದರೊಳಗೆ ಇವರ ಒಪ್ಪಿಗೆ ಸಿಗದಿದ್ದರೆ ಕೈಪಿಡಿಯ ಕೆಲಸವೇ ಬೇರೆಯವರ ಪಾಲು.

ಷರಾಗಳು ಬರುವುದು ಮಧ್ಯಾಹ್ನ ಮೂರರ ಮೇಲೆಯೇ. ಆ ಹೊತ್ತಿಗೆ ಬಿಡುವಿದ್ದು, ತಪ್ಪು ಹುಡುಕುವ ಚಟವೂ ಇದ್ದವರು ಎದುರುಮನೆಯ ನಿವೃತ್ತ ಗಣಿತ ಪ್ರಾಧ್ಯಾಪಕ ಮಹಾಂತಯ್ಯ. ನಾಲ್ಕಕ್ಕೆ ನಿನ್ನೆಯ ಪೇಪರ್ ಮರಳಿಸಲು ಬಂದೇ ಬಂದರು.

"ಮೇಡಮ್ಮಾರು ಎಲ್ಲದಾರವಾ?"

"ಅತ್ಯಾ ಜಪಕ್ಕ ಕೂತಾರ್ರಿ. ಐದರ ತನಕಾ ಬಾಗಲಾ ತಗಿಯಂಗಿಲ್ಲ."

"ಕಾಲೇಜಿನ್ಯಾಗೂ ಹಂಗ ಇದ್ರು. ಪೇಪರ್ ತಿದ್ದಾಕ ಕುಂತ್ರ ಪ್ರಿನ್ಸಿಪಾಲರೂ ಬಾಗಲಾ ಬಡೀತಿರಲಿಲ್ಲ."

ಗಾರ್ಗಿ ಚಹಾ ತಂದಳು. ಪರೀಕ್ಷೆ ಸರಳ: ಕಪ್ಪು ಒಳಗೆ ಹೋದರೆ ಪರಿಶೀಲಕರು ಸುಮ್ಮನಿರಲಾರರು.

"ಚಹಾ ತಗೋತೀರೇನ್ರಿ, ಸರ?"

"ಬ್ಯಾಡ ಬಿಡವಾ."

ಅವಳು ತಟ್ಟೆಯೊಂದಿಗೆ ತಿರುಗಿದಳು. ಅರ್ಧ ದೂರ ಬಂದಿದ್ದ ಅವರ ಕೈ ದಾರಿ ಬದಲಿಸಿ ಕನ್ನಡಕ ಸರಿಪಡಿಸಿತು.

"ಶುಂಠಿ ಹಾಕಿದ್ದೇನವಾ?" ಹತ್ತು ನಿಮಿಷದ ನಂತರ ಅವರು ಫ್ಯಾನನ್ನು ನೋಡುತ್ತ ಕೇಳಿದರು.

"ಹೂಂನ್ರಿ."

"ವಾಸನಿ ಛಲೋ ಇತ್ತು." ಎದ್ದರು.

ಗೇಟಿನ ಬಳಿ ಅವರ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಇವತ್ತಿನ ಪೇಪರ್. ಆಗಲೇ ಲ್ಯಾಪ್‌ಟಾಪ್ ಸದ್ದು ಮಾಡಿತು. ಹೊಸ ಷರಾ: "ಶುಂಠಿ ಚಹಾ ಒಳಗೆ ಬಂತು, ಅತಿಥಿ ಬಾಯಾರಿ ಹೊರಗೆ ಹೋದರು. ಮೂರು ಸಲ ಕೇಳಿ, ಮೂರು ಸಲವೂ ಬೇಡ ಎಂದರೆ ಮಾತ್ರ ಕಪ್ಪು ಒಳಗೆ. ಹಾಗೆ ತಿದ್ದಿ."

ಗಾರ್ಗಿ ಕಿಟಕಿಯತ್ತ ನೋಡಿದಳು. ಮಹಾಂತಯ್ಯನವರ ಎರಡೂ ಕೈ ಇನ್ನೂ ತುಂಬಿದ್ದವು.

ಮುಚ್ಚಿದ ದೇವರಕೋಣೆಯೊಳಗಿಂದ ಅತ್ತೆಯ ದನಿ ಕೇಳಿಸಿತು: "ಗಾರ್ಗಿ, ಅವರನ್ನ ಲಗೂನ ಕರೀ, ಇನ್ನ ಎರಡು ಸಲಾ ಕೇಳೂದದ. ಆಮ್ಯಾಲೆ ತಿದ್ದಿ ಕಳಸು; ಐದರೊಳಗ ಪಾಸ್ ಮಾಡತೇನಿ."