ಘಟ್ಟದ ರಾಕ್ಷಸಿ, ಭಾಗ ಎರಡು

ಕ್ಯಾಸೆಟ್ ಅಂಗಡಿಯ ರಾಘು ಕಳ್ಳ ಎಂದು ಬಸ್ಸು ಯಲ್ಲಾಪುರ ಮುಟ್ಟುವ ಮೊದಲೇ ನಮಿತಾ ತೀರ್ಮಾನ ಮಾಡಿಬಿಟ್ಟಿದ್ದಳು. ಸಾಕ್ಷಿಯೊಂದು ಸಿಗಬೇಕಿತ್ತು ಅಷ್ಟೆ.

ಇಲ್ಲದಿದ್ದರೆ ಲೆಕ್ಕ ಹೊಂದುವುದು ಹೇಗೆ? ಅವಳೂ ಅಣ್ಣ ಕಿಶೋರನೂ ಶಿರಸಿಯ ಬಾಡಿಗೆ ಕೋಣೆಯೊಂದರಲ್ಲಿ ಕೂತು ಮಾಡಿದ ಕಂಪ್ಯೂಟರ್ ಆಟ ‘ಘಟ್ಟದ ರಾಕ್ಷಸಿ’. ಎರಡು ಸಾವಿರದ ಎರಡರಲ್ಲಿ ಅದರ ಸೀಡಿ ಬಂದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕ್ಯಾಸೆಟ್ ಅಂಗಡಿಗಳಲ್ಲಿ ಇಟ್ಟಲ್ಲಿ ನಿಲ್ಲಲಿಲ್ಲ. ಆರುನೂರಕ್ಕೂ ಮೇಲೆ ಹೋಯಿತು. ಎರಡು ವರ್ಷ ಕಣ್ಣು ಕೆಂಪಾಗಿಸಿಕೊಂಡು ತಂದ ಎರಡನೇ ಭಾಗ ಅರವತ್ತು ದಾಟಿಲ್ಲ. ಅದರಲ್ಲೂ ಅರ್ಧ ವಾಪಸು. ಕೊಂಡವರು ನಕಲು ತೆಗೆದುಕೊಂಡು ಅಸಲನ್ನು ಹಿಂದಿರುಗಿಸುತ್ತಿದ್ದಾರೆ, ಅಂಗಡಿಯವನೇ ಅದಕ್ಕೆ ಸಹಾಯ ಮಾಡುತ್ತಿದ್ದಾನೆ. ಬೇರೆ ಏನಿದ್ದೀತು?

ಕಿಶೋರನ ತಾಳ್ಮೆ ತಳ ಕಂಡಿತ್ತು. ದೀಪಾವಳಿಯೊಳಗೆ ಎರಡನೆಯದು ಮೊದಲನೆಯದರ ಅರ್ಧದಷ್ಟಾದರೂ ಹೋಗದಿದ್ದರೆ ಮೂರನೆಯದರ ಮಾತೇ ಬೇಡ, ಕಂಪ್ಯೂಟರಿನಲ್ಲಿ ಮದುವೆ ಕಾಗದ ಅಚ್ಚು ಹಾಕಿಕೊಂಡಿರೋಣ ಎಂದಿದ್ದ. ನಮಿತಾಳ ತಲೆಯಲ್ಲಿ ಮೂರನೇ ಭಾಗ ಆಗಲೇ ಓಡಾಡಿಕೊಂಡಿತ್ತು. ಅಜ್ಜಿ ಗೌರಕ್ಕ ಹೇಳಿದ ಕಥೆಗಳಲ್ಲಿ ಎಲ್ಲಕ್ಕಿಂತ ಚಂದದ್ದನ್ನು, ರಾಕ್ಷಸಿಯ ಜಡೆ ಹೆಣೆಯಲು ಕೂತ ಹುಡುಗಿಯ ಕಥೆಯನ್ನು, ಅವಳು ಕೊನೆಗೆಂದೇ ತೆಗೆದಿಟ್ಟಿದ್ದಳು. ಬಸ್ಸಿನ ಕಿಟಕಿಯಿಂದ ಕಾಣುವ ಪ್ರತಿ ಮನೆಯೊಳಗೂ ಒಂದು ಮಗು ತಮ್ಮ ಆಟ ಆಡುತ್ತ ರಾಕ್ಷಸಿಯ ಗುಹೆಯ ಬಾಗಿಲಿಗೆ ಬಂದು ನಿಂತಿದೆ ಎಂದುಕೊಳ್ಳುವುದು ಅವಳ ಚಟ.

ಯಲ್ಲಾಪುರದ ಅಂಗಡಿಯಲ್ಲಿ ರಾಘು ಸ್ಟೂಲು ಒರೆಸಿ ಮುಂದಿಟ್ಟ. ನಮಿತಾ ಕೂರದೆ ಅಂಗಡಿಯ ಮೂಲೆ ಮೂಲೆ ನೋಡಿದಳು. ಸೀಡಿ ಬರೆಯುವ ಯಂತ್ರವಿಲ್ಲ. ಕಂಪ್ಯೂಟರೇ ಇಲ್ಲ. ಮೇಜಿನ ಮೇಲೆ ಸೀಡಿ ಹಾಕಿ ಹಾಡು ಕೇಳಿಸುವ ಹಳೆಯ ಪೆಟ್ಟಿಗೆಯೊಂದೇ.

ನಕಲಿನ ಮಾತೆತ್ತಿದಾಗ ಅವನಿಗೆ ಸಿಟ್ಟೂ ಬರಲಿಲ್ಲ.

“ಕದಿಯೂಕಾದ್ರೂ ಜನಕ್ಕೆ ಅದು ಬೇಕಾಗ್ಬೇಕಲ್ರಿ,” ಎಂದ. “ಈಗ್ಲೂ ಬಂದವ್ರು ಮೊದಲ್ನೇದನ್ನೇ ಕೇಳ್ತಾರ್ರಿ. ಎರಡ್ನೇದ್ರಾಗ ಹೆದರಿಕೇನೇ ಇಲ್ಲಂತ.”

ಹೆದರಿಕೆ ಇಲ್ಲವೇ! ಮೊದಲ ಭಾಗಕ್ಕೆ ಕೈಯಲ್ಲಿ ಕಾಸಿಲ್ಲದೆ ಗೌರಕ್ಕನನ್ನೇ ಕೂರಿಸಿ ರಾಕ್ಷಸಿಯ ಕೂಗು ಕೂಗಿಸಿದ್ದರು. ಕಿಶೋರ ತನಗೆ ಆಗ ಗೊತ್ತಿದ್ದ ಒಂದೇ ಉಪಾಯದಿಂದ ಆ ಕೂಗುಗಳನ್ನು ಹಾಡಿನ ಸೀಡಿಯ ಹಾಡುಗಳ ಹಾಗೆ ಸಾಲಾಗಿ ಸೀಡಿಯಲ್ಲಿ ಇಟ್ಟಿದ್ದ. ಎರಡನೆಯದಕ್ಕೆ ಹುಬ್ಬಳ್ಳಿಯಿಂದ ನಾಟಕದ ಕಲಾವಿದೆ ಬಂದಿದ್ದಳು; ದನಿಯೆಲ್ಲ ಬೇರೆಯಾಗಿ ನಿಲ್ಲದೆ ಆಟದ ಚಿತ್ರದೊಳಗೇ ನವಿರಾಗಿ ಹೆಣೆದುಕೊಂಡಿತ್ತು. ಗುಹೆಗೆ ಏಳು ಬಾಗಿಲು, ರಾಕ್ಷಸಿಗೆ ಕಣ್ಣೀರು. ಎಲ್ಲದರಲ್ಲೂ ಒಂದು ಕೈ ಮೇಲು.

ರಾಘು ಇನ್ನೂ ಏನೇನೋ ಹೇಳಿದ. ಮೊದಲನೆಯದು ಮಕ್ಕಳ ರಜೆಯಲ್ಲಿ ಹೋದದ್ದು ಕಡಿಮೆ, ಶಾಲೆ ನಡೆಯುವಾಗಲೇ ಜಾಸ್ತಿ. ಕೊಳ್ಳುವವರೆಲ್ಲ ದೊಡ್ಡವರು, ಹಳ್ಳಿಯವರು. ಎರಡನೆಯದನ್ನು ವಾಪಸು ತಂದವರೆಲ್ಲ ಅದು ಬಾಯೇ ಬಿಡುವುದಿಲ್ಲ ಎಂದು ದೂರಿದ್ದರು. ಅವರವರ ಕಂಪ್ಯೂಟರಿನ ಸ್ಪೀಕರು ಹಾಳಾದರೆ ತಾನೇನು ಮಾಡಲಿ ಎಂದು ನಮಿತಾ ಹಲ್ಲು ಕಚ್ಚಿಕೊಂಡಳು.

ಮರುದಿನ ಸಿದ್ದಾಪುರದ ಅಂಗಡಿಯಲ್ಲೂ ಅದೇ ರಾಗ. ಅಲ್ಲಿ ಸಿಕ್ಕಿದ್ದು ಒಂದು ಹೆಸರು ಮಾತ್ರ: ತ್ಯಾಗಲಿ ಎಂಬ ಹಳ್ಳಿಯ ಕೆರಿಯ. ಮೊದಲ ಭಾಗವನ್ನು ಮೇಲಿನದಕ್ಕೊಂದು ಕೆಳಗಿನದಕ್ಕೊಂದು ಎಂದು ಎರಡು ಒಯ್ದವನು. ಎರಡನೆಯದನ್ನು ಸಂಜೆಯೊಳಗೆ ತಂದು ಒಗೆದವನೂ ಅವನೇ. ಮಹಡಿ ಮನೆ, ಜಗಳಗಂಟ ಮಕ್ಕಳು ಎಂದು ನಮಿತಾ ಊಹಿಸಿದಳು.

ಮನೆಗೆ ಬಂದು ಎಲ್ಲ ಹೇಳಿದಾಗ ಕಿಶೋರ ತಲೆ ಎತ್ತಲಿಲ್ಲ. ಯಾರದೋ ಲಗ್ನಪತ್ರಿಕೆಗೆ ಗಣಪತಿಯ ಚಿತ್ರ ಕೂರಿಸುತ್ತಿದ್ದ.

“ಕಳ್ಳರ ಹುಡುಕಿದ್ದು ಸಾಕು ಕೂಸೆ. ಜನಕ್ಕೆ ಎಂತ ಬೇಕು ಹೇಳಿ ಒಂದ್ಸಲ ಕೇಳು.”

“ಎಂತ ಕೇಳದು? ಮೊದಲ್ನೇದು ಹಿಡಿಸಿದವಕ್ಕೆ ಇದೂ ಹಿಡಿಸ್ತು.”

“ಹಿಡಿಸಿದ್ದಿಲ್ಲೆ ಅಲ್ದ?”

ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಬೆಳಿಗ್ಗೆ ಅವಳು ತ್ಯಾಗಲಿಯ ದಾರಿ ಹಿಡಿದಳು. ಒಬ್ಬನಾದರೂ ಎದುರಿಗೆ ನಿಂತು, ಇಂಥ ಕಡೆ ನನಗೆ ಬೇಸರ ಬಂತು ಎಂದು ಹೇಳಲಿ. ಏಳನೇ ಬಾಗಿಲೋ, ಕಣ್ಣೀರೋ. ಅದನ್ನು ಕಿತ್ತು ಬಿಸಾಡಿ ಹೊಸದು ಕಟ್ಟಿಕೊಟ್ಟಾಳು. ಮೂರನೆಯದು ಉಳಿದೀತು.

ಕೆರಿಯನ ಮನೆಯಲ್ಲಿ ಯಾರೂ ಇರಲಿಲ್ಲ. ಮಹಡಿಯೂ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಅವನು ಮೇಲೆ ಇದ್ದಾನೆ ಎಂದು ಗುಡ್ಡದ ಕಡೆ ಕೈ ತೋರಿಸಿದಳು. ಏರು ಹತ್ತುವಾಗಲೇ ಕೇಳಿಸಿತು: ಗೌರಕ್ಕನ ಕೂಗು. ಹೊಟ್ಟೆಯಾಳದಿಂದ ಎದ್ದು, ಗಂಟಲಲ್ಲಿ ಸೀಳಿ, ಕಾಡಿಗೆ ತಾಗಿ ಮರಳುವ ಕೂಗು. ಆಟದ ಮೊದಲ ಗುಹೆ! ಯಾರೋ ಈ ಗಳಿಗೆಯಲ್ಲಿ ಒಳಗೆ ಕಾಲಿಡುತ್ತಿದ್ದಾರೆ. ನಮಿತಾ ಸೀರೆಯ ನಿರಿಗೆ ಎತ್ತಿ ಹಿಡಿದು ಓಡಿದಳು.

ತಿರುವಿನಾಚೆ ಮನೆಯಿರಲಿಲ್ಲ. ಕಾಡಿನ ಅಂಚಿಗೆ ಎದೆಮಟ್ಟ ಬೆಳೆದ ಗೋವಿನಜೋಳ, ನಡುವೆ ಒಂದು ಅಟ್ಟಣೆ. ಅದರ ಮೇಲೆ ಬ್ಯಾಟರಿಗೆ ಕಟ್ಟಿದ, ರಾಘುವಿನ ಅಂಗಡಿಯಲ್ಲಿದ್ದಂಥದೇ ಸೀಡಿ ಹಾಡಿನ ಪೆಟ್ಟಿಗೆ. ಧ್ವನಿವರ್ಧಕದ ಬಾಯಿ ಮರಗಳ ಕಡೆಗೆ. ಕೆಳಗೆ ನೆರಳಲ್ಲಿ ಕೆರಿಯ ಗಂಜಿ ಉಣ್ಣುತ್ತಿದ್ದ.

ತಾನು ಯಾರೆಂದು ಹೇಳಿದ್ದೇ ತಡ, ಅವನು ಎಂಜಲು ಕೈಯಲ್ಲೇ ಎದ್ದು ನಿಂತ.

“ನಿಮ್ಮ ರಾಕ್ಷಸಿ ಬಂದ್ಮೇಲೆ ಒಂದ್ ಮಂಗ ಇತ್ಲಾಗೆ ಮುಖ ಹಾಕ್ಲಿಲ್ಲ ಅಮ್ಮ. ಕೆಳಗಿನ ಗದ್ದೀಗೂ ಒಂದ್ ಇಟ್ಟಿದೇನೆ. ಹೊಸಾದು ಮಾತ್ರ ಎಂತಕ್ಕೂ ಬ್ಯಾಡ. ಈ ಪೆಟ್ಟಿಗೇಲಿ ಹಾಕಿದ್ರೆ ಕೂಗೂದೇ ಇಲ್ಲ.”

ನಮಿತಾ, ತನಗೇ ಕೇಳಿಸದಷ್ಟು ಮೆಲ್ಲಗೆ, ಆಟ ಆಡಿ ನೋಡಿದ್ದೀರಾ ಎಂದು ಕೇಳಿದಳು.

“ಆಟನಾ?” ಕೆರಿಯ ಅವಳ ಮುಖವನ್ನೇ ನೋಡಿದ. “ಅದ್ರೊಳಗೆ ಆಟ ಬೇರೆ ಇತ್ತಾ ಅಮ್ಮ?”