ಸೋಪಿನ ಮೇಲೆ ಜಾರಿ ಸತ್ತವನು

ಕಳೆದ ವಾರದ ಸಂಚಿಕೆಯಲ್ಲಿ ಸತ್ತವನು ಬೆಳಿಗ್ಗೆ ಹತ್ತು ಗಂಟೆಗೆ ಧಾರಾವಾಹಿಯ ಆಫೀಸಿಗೆ ಬಂದು ಸಾಮಾನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಮ್ಯಾನೇಜರ್ ಮೇಡಂ.

“ಇವರು ಬದುಕಿದ್ದಾರೆ,” ಎಂದರು ಮೇಡಂ, ಒಳಗಿದ್ದ ಉಗ್ರಾಣಿಗೆ. “ಸಾಯಂಕಾಲದೊಳಗೆ ಇವರ ಸಹಿ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರೋದು ಬೇಡ.” ಕೈಯಲ್ಲಿದ್ದ ಫಾರಂ ಅವನ ಮುಂದಿಟ್ಟು ಹೋದರು.

ಉಗ್ರಾಣಿ ಎಂಬುದು ಸೆಟ್ಟಿನವರು ಇಟ್ಟ ಹೆಸರು. ಕೊಲೆಗೂ ನಗುವಿಗೂ ಗಂಟು ಹಾಕಿ ವಾರಕ್ಕೊಂದು ಹೆಣ ಬೀಳಿಸುವ ಆ ಪತ್ತೇದಾರಿ ಧಾರಾವಾಹಿಗೆ ಚಾಕು, ಹಗ್ಗ, ವಿಷದ ಸೀಸೆ, ಸುಳ್ಳು ರಕ್ತ ಎಲ್ಲ ಒದಗಿಸುವವನು ಅವನೇ. ಸತ್ತವರ ಫೋಟೋ ಕೂಡ. ಹೆಣಕ್ಕೆ ಬಿಳಿ ಬಟ್ಟೆ ಹೊದಿಸಿಬಿಟ್ಟರೆ ಆಯಿತು, ನಟ ಬೇಕಿಲ್ಲ. ಆದರೆ ಪ್ರತಿ ಸಂಚಿಕೆಯಲ್ಲೂ ಇನ್‌ಸ್ಪೆಕ್ಟರು ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು, “ಸಾಯೋ ಮುಂಚೆ ಒಂದು ಮಾತು ಹೇಳಬಾರದಿತ್ತಾ” ಎಂದು ಬೈಯುವುದು ವಾಡಿಕೆ. ಅದಕ್ಕೊಂದು ಮುಖ ಬೇಕು. ಕಂಡವರ ಫೋಟೋ ಹಾಕಿ ಒಮ್ಮೆ ಕೋರ್ಟು ಹತ್ತಿದ ಮೇಲೆ ಆಫೀಸಿನವರು ಈ ಫಾರಂ ಮಾಡಿದ್ದರು. ಫೋಟೋದಲ್ಲಿರುವವರು ಬದುಕಿದ್ದರೆ ಮೇಲಿನ ಸಾಲಿನಲ್ಲಿ ಅವರ ಸಹಿ. ತೀರಿಕೊಂಡಿದ್ದರೆ ಕೆಳಗಿನ ಸಾಲಿನಲ್ಲಿ ತೀರಿಕೊಂಡ ತಾರೀಕು, ಮನೆಯವರೊಬ್ಬರ ಸಹಿ. ಹಾಗಾಗಿ ಉಗ್ರಾಣಿ ತನ್ನ ಮನೆಯ ಸತ್ತವರನ್ನೇ ತಂದು ತಂದು ಕೊಲ್ಲಿಸುತ್ತಿದ್ದ. ಅಪ್ಪ ಒಂದು ಸಲ, ಚಿಕ್ಕಪ್ಪ ಒಂದು ಸಲ, ಮಾವನವರು ಎರಡು ಸಲ. ಎರಡನೆಯ ಸಲ ಅವರಿಗೆ ಮೀಸೆ ಬರೆದಿದ್ದ. ಕಳೆದ ವಾರದ ಹೊತ್ತಿಗೆ ಸತ್ತವರ ದಾಸ್ತಾನು ಮುಗಿದಿತ್ತು.

ಉಳಿದದ್ದು ಅಣ್ಣನ ಫೋಟೋ, ಈಗ ಬಾಗಿಲಲ್ಲಿ ನಿಂತಿದ್ದ ಇದೇ ಅಣ್ಣನದು. ಸಹಿ ಕೇಳಬೇಕೆಂದರೆ ಅವನ ಮನೆ ಮೆಟ್ಟಿಲು ಹತ್ತಬೇಕು. ಅಪ್ಪ ಬಿಟ್ಟುಹೋದ ಹೊಲಿಗೆ ಯಂತ್ರ ಯಾರಿಗೆ ಎಂಬ ಮಾತಿಗೆ ಇಬ್ಬರೂ ಮುಖ ತಿರುಗಿಸಿ ಏಳು ವರ್ಷವಾಗಿತ್ತು. ಇಬ್ಬರಿಗೂ ಒಂದು ಗುಂಡಿ ಹೊಲಿಯಲು ಬಾರದು ಎಂಬುದು ಬೇರೆ ಮಾತು. ಮೆಟ್ಟಿಲು ಹತ್ತುವುದಕ್ಕಿಂತ ಸಾಯಿಸುವುದು ಸುಲಭವಾಗಿ ಕಂಡಿತು. ಕೆಳಗಿನ ಸಾಲಿನಲ್ಲಿ ಒಂದು ತಾರೀಕು ಬರೆದು, ತಮ್ಮ ಎಂದು ಸಹಿ ಹಾಕಿದ್ದ.

“ಕೂತ್ಕೋ ಅಣ್ಣ,” ಎಂದ ಉಗ್ರಾಣಿ.

ಅಣ್ಣ ಖುರ್ಚಿಯನ್ನು ತಟ್ಟಿ ನೋಡಿದ. “ಇದರ ಮೇಲೆ ಯಾರೂ ಸತ್ತಿಲ್ಲ ತಾನೆ?”

“ಇಲ್ಲ, ಅದು ವಕೀಲರ ಖುರ್ಚಿ.”

ಅಣ್ಣ ಕೂತ. “ನಿಮ್ಮ ಧಾರಾವಾಹೀಲಿ ಮೂರು ಜನ ನನ್ನ ಕೊಲ್ಲೋಕೆ ಹೊಂಚು ಹಾಕಿದ್ರು. ಒಬ್ಬ ವಿಷ ತಂದ, ಒಬ್ಬ ಚಾಕು ತಂದ, ಹೆಂಡ್ತಿ ದಿಂಬು ತಂದ್ಲು. ಅಷ್ಟು ಜನಕ್ಕೆ ಬೇಕಾದವನು ನಾನು. ಕೊನೆಗೆ ಬಾತ್‌ರೂಮಲ್ಲಿ ಸೋಪಿನ ಮೇಲೆ ಕಾಲಿಟ್ಟು ಜಾರಿ ಸತ್ತೆ. ನಮ್ಮ ಬೀದಿ ಮಕ್ಕಳು ಸೋಪಂಕಲ್ ಅಂತ ಕರೀತಾವೆ. ನಿಮ್ಮತ್ತಿಗೆ ಮೂರು ದಿನದಿಂದ ದಿಂಬು ಕಂಡ್ರೆ ನಗ್ತಾಳೆ.”

ಉಗ್ರಾಣಿಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ, ಅಪ್ಪನ ಹಾಗೆಯೇ ಹೊಟ್ಟೆ ಹಿಡಿದುಕೊಂಡು. ಒಂದು ಹೊಲಿಗೆ ಯಂತ್ರಕ್ಕೆ ಏಳು ವರ್ಷ ಕಳೆದುಬಿಟ್ಟೆವಲ್ಲ ಎನಿಸಿತು ಉಗ್ರಾಣಿಗೆ. ಅಣ್ಣ ಸಿಕ್ಕಿದ ಎಂದು ಸಂತೋಷವಾಯಿತು. ಕೆಲಸ ಉಳಿಯಿತು ಎಂದು ಇನ್ನೂ ಸ್ವಲ್ಪ ಹೆಚ್ಚೇ ಆಯಿತು. ಪೆನ್ನು ಮುಂದೆ ಹಿಡಿದ. “ತಪ್ಪಾಯ್ತು ಅಣ್ಣ. ಹೊಟ್ಟೆಗೆ ಹಾಕ್ಕೊಂಡು ಒಂದು ಸಹಿ ಮಾಡಿಬಿಡು.”

“ಮಾಡೋಕೇ ಬಂದಿದ್ದು. ಸಾಯಿಸೋಕಾದ್ರೂ ನೆನಪು ಮಾಡ್ಕೊಂಡ್ಯಲ್ಲ,” ಎನ್ನುತ್ತಾ ಅಣ್ಣ ಕನ್ನಡಕ ಏರಿಸಿ ಫಾರಂ ಓದತೊಡಗಿದ. ಕೆಳಗಿನ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

“ಈ ತಾರೀಕು?”

“ಏನೋ ಒಂದು ಬರೆದೆ.”

“ಏನೋ ಒಂದಲ್ಲ. ಹೋದ ವರ್ಷ ನನಗೆ ಹಾರ್ಟ್ ಆಪರೇಷನ್ ಆದ ದಿನ ಇದು.”

ಉಗ್ರಾಣಿಗೂ ಆಗಲೇ ಹೊಳೆದದ್ದು. ಫಾರಂ ತುಂಬುವಾಗ ಅಣ್ಣನ ಹೆಸರಿನ ಜೊತೆಗೆ ತಲೆಗೆ ಬಂದ ತಾರೀಕು ಅದೊಂದೇ. ಆ ದಿನವಿಡೀ ಅವನು ಇದೇ ಕೋಣೆಯಲ್ಲಿ ಚಾಕು ಒರೆಸುತ್ತಾ, ಗಳಿಗೆಗೊಮ್ಮೆ ಫೋನು ನೋಡುತ್ತಾ ಕೂತಿದ್ದ.

“ನಿನಗೆ ಯಾರು ಹೇಳಿದ್ರು?”

ವಾರಗಿತ್ತಿಯರ ಗುಟ್ಟಿನ ಫೋನು ಈ ಏಳು ವರ್ಷದಲ್ಲಿ ಒಂದು ವಾರವೂ ನಿಂತಿರಲಿಲ್ಲ. “ಅತ್ತಿಗೆ ಇವಳಿಗೆ ಹೇಳಿದ್ರು, ಇವಳು ನನಗೆ.”

“ಯಾವಾಗ? ಎಲ್ಲಾ ಮುಗಿದ ಮೇಲಾ?”

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಸುಳ್ಳು ರಕ್ತ, ಸುಳ್ಳು ವಿಷ ತುಂಬಿದ್ದ ಆ ಕೋಣೆಯಲ್ಲಿ ಉಗ್ರಾಣಿಗೆ ಹೊತ್ತಿಗೆ ಸರಿಯಾಗಿ ಒಂದು ಸುಳ್ಳು ಸಿಗಲಿಲ್ಲ. “ಹಿಂದಿನ ದಿನಾನೇ,” ಎಂದ.

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ಆಸ್ಪತ್ರೆಗೆ ನೋಡೋಕೆ ಬಂದೋರೆಲ್ಲ ನಿನ್ನ ತಮ್ಮ ಎಲ್ಲಿ ಅಂತ ಕೇಳೋರು. ಪಾಪ, ಅವನಿಗೆ ಗೊತ್ತಿಲ್ಲ, ಗೊತ್ತಾಗಿದ್ರೆ ಓಡಿ ಬರ್ತಿದ್ದ ಅಂತ ಒಬ್ಬೊಬ್ಬರಿಗೂ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದ್ದೆ.”

ಅಣ್ಣ ಪೆನ್ನು ತೆಗೆದುಕೊಂಡು ಮೇಲಿನ ಸಾಲಿನಲ್ಲಿ ತನ್ನ ಪೂರ್ತಿ ಹೆಸರು ಬರೆದು, ಅದರ ಪಕ್ಕ ಸಹಿ ಹಾಕಿ, ಪೆನ್ನು ಮೇಜಿನ ಮೇಲಿಟ್ಟು ಎದ್ದ. ಕೆಲಸವೇನೋ ಉಳಿಯಿತು. ಉಗ್ರಾಣಿ ಗಡಬಡಿಸಿ ಪೆನ್ನು ಎತ್ತಿಕೊಂಡು ಕೆಳಗಿನ ತಾರೀಕನ್ನು ಹೊಡೆದುಹಾಕಲು ಹೋದ.

ಅಣ್ಣ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. “ಅದು ಇರಲಿ ಬಿಡು. ನಿನ್ನ ಪಾಲಿಗೆ ತಾರೀಕು ಸರಿಯಾಗೇ ಇದೆ.”