ಮೂರನೆಯ ಕಟ್ಟು

ಮುರಿದ ಕಾಲಿಗೆ ಒಂದು ಕಟ್ಟು ಹಾಕಲು ಆರು ಕೋಳಿಮೊಟ್ಟೆ, ಅರ್ಧ ಸೇರು ಉದ್ದಿನಹಿಟ್ಟು, ನಾಲ್ಕು ಬಿದಿರು ದಬ್ಬೆ, ಒಂದು ಹಳೇ ಪಂಚೆ. ಜೊತೆಗೆ ಮೂಳೆ ಕೂಡಿಸುವ ಚಿಕ್ಕವೆಂಕಟಪ್ಪ ಬಂಗಾರಪೇಟೆಯಿಂದ ಬಂದುಹೋಗುವ ರೈಲು ಚಾರ್ಜು. ಮಗನ ಎರಡು ಕಟ್ಟಿಗೆ ಮುನಿಗಂಗಮ್ಮ ಹೇಗೋ ಹೊಂದಿಸಿದ್ದಳು. ಮೂರನೆಯದಕ್ಕೂ ಮೊಟ್ಟೆ ಕೂಡಿಟ್ಟಿದ್ದಳು. ಈಗ ನೋಡಿದರೆ ಕಟ್ಟೇ ಬೇಡ ಎನ್ನುತ್ತಿದ್ದಳು.

“ಬೇಡ ಅಂದ್ರೇನಮ್ಮಾ? ಒಳಗೆ ಮೂಳೆ ಇನ್ನೂ ಎಳೇದೈತೆ. ಇನ್ನೊಂದು ತಿಂಗ್ಳು ಕಾಲು ಊರಂಗಿಲ್ಲ,” ಎಂದ ಚಿಕ್ಕವೆಂಕಟಪ್ಪ.

“ಭಾನ್ವಾರ ಆಟ ಐತಣ್ಣಾ.”

“ಭಾನ್ವಾರ ಮುಂದ್ಲ ವಾರಾನೂ ಬತ್ತದೆ.”

“ಉಡುಗ್ರನ್ನ ಆರಿಸ್ಕೊಳೋ ದೊರೆ ಬರಲ್ವಲ್ಲ!”

ಫುಟ್‌ಬಾಲ್ ಚೆನ್ನಾಗಿ ಆಡುವ ಹುಡುಗರಿಗೆ ಚಿನ್ನದ ಗಣಿಯ ದೊರೆಗಳು ನೆಲದ ಮೇಲೆ, ವರ್ಕ್‌ಶಾಪಿನಲ್ಲಿ ಕೆಲಸ ಕೊಡುತ್ತಿದ್ದರು. ಉಳಿದವರು ಗಣಿಯೊಳಕ್ಕೆ. ಅಲ್ಲಿಗೆ ಇಳಿದು ಇಳಿದು ಅವಳ ಗಂಡ ಮುನಿಶಾಮಿ ಈಗ ಬಾಗಿಲ ಬಳಿ ಕೂತು ಕೆಮ್ಮುತ್ತಿದ್ದ. ಒಂದು ಮಾತು ಮುಗಿಸಲು ಎರಡು ಸಲ ಉಸಿರೆಳೆಯಬೇಕಿತ್ತು. ಮಗ ಶ್ರೀರಾಮಪ್ಪನನ್ನು ಆ ಗುಂಡಿಗೆ ಇಳಿಸುವುದಿಲ್ಲವೆಂದು ಅವಳು ಪಣ ತೊಟ್ಟಿದ್ದಳು.

ಚಿಕ್ಕವೆಂಕಟಪ್ಪ ಟವೆಲ್ ಕೊಡವಿ ಎದ್ದ. “ನಾನು ಬಿಚ್ಚಲ್ಲ ತಾಯಿ. ನನ್ ಕೈಲಿ ಆ ಪಾಪ ಮಾಡಿಸ್ಬೇಡ.”

ಅವನು ಹೋದ ಮೇಲೆ ಅವಳೇ ಬಿಸಿನೀರು ಹೊಯ್ದು ಕಟ್ಟು ಬಿಚ್ಚಿದಳು. ಕಾಲು ತೊಗಟೆ ಸುಲಿದ ಕೋಲಿನಂತಿತ್ತು. ಹೆಬ್ಬೆರಳಿನಿಂದ ಒತ್ತಿದಳು.

“ನೋಯ್ತದೇನ್ಲಾ?”

“ಇಲ್ಲಮ್ಮೋ.”

ಅವನು ಚಾಪೆಯ ಅಂಚನ್ನು ಹಿಡಿದು ಹಿಂಡಿದ್ದು ಅವಳಿಗೆ ಕಂಡಿತು. ಕಂಡೂ, “ಒಂದೇ ಒಂದಾಟ ಕಣಪ್ಪಾ. ಆಮೇಲೆ ಎಷ್ಟು ದಿನ ಬೇಕಾದ್ರೂ ಮಲಿಕ್ಕೊ,” ಎಂದಳು.

ಭಾನುವಾರ ಹೆಂಗಸರೆಲ್ಲ ಕೋರಮಂಡಲ್ ಮೈದಾನದ ಪಕ್ಕದ, ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬ ಹತ್ತಿ ನಿಂತರು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಶ್ರೀರಾಮಪ್ಪ ಗೋಲು ಹೊಡೆದ. ನೆರೆಮನೆಯ ಅಮ್ಮಾಜಮ್ಮ ಮುನಿಗಂಗಮ್ಮನ ಬೆನ್ನಿಗೊಂದು ಗುದ್ದಿದಳು. “ಗೋಲಲ್ಲ ಕಣೇ, ನಿನ್ ಮಗ ಕೆಲ್ಸಾನೇ ಗೆದ್ದ! ನಾಳೆಯಿಂದ ನಮ್ಮನ್ನ ಮಾತಾಡಿಸ್ತೀಯೋ ಇಲ್ವೋ!”

ಮುನಿಗಂಗಮ್ಮ ನಗುತ್ತಿರುವಾಗಲೇ ಕೆಳಗೆ ಇಬ್ಬರು ಹುಡುಗರು ಒಂದೇ ಚೆಂಡಿಗೆ ನುಗ್ಗಿದರು. ಒಬ್ಬ ಎದ್ದ. ಶ್ರೀರಾಮಪ್ಪ ಏಳಲಿಲ್ಲ. ಅವನನ್ನು ಎತ್ತಿ ಗೆರೆಯಾಚೆ ಮಲಗಿಸಿ, ಉಳಿದ ಹತ್ತು ಜನ ಆಟ ಮುಂದುವರಿಸಿದರು.

ಆ ಸಲ ವರ್ಕ್‌ಶಾಪಿಗೆ ಸೇರಿದ್ದು ಎದ್ದ ಹುಡುಗ. ಶ್ರೀರಾಮಪ್ಪನ ಕಾಲು ಕೊನೆಗೂ ಕೂಡಿತು, ಸೊಟ್ಟಗೆ, ಎರಡಂಗುಲ ಗಿಡ್ಡವಾಗಿ. ಮುನಿಗಂಗಮ್ಮ ಬೇಡಿಕೊಂಡಿದ್ದು ಮಾತ್ರ ನಡೆಯಿತು: ಮಗ ಗಣಿಗೆ ಇಳಿಯುವುದು ತಪ್ಪಿತು. ಕುಂಟನನ್ನು ಯಾರೂ ಕೆಳಗೆ ಇಳಿಸುತ್ತಿರಲಿಲ್ಲ.